ನಳಿಕೆಯಲ್ಲಿ ಸಿಕ್ಕಿದ ಬಾಣ

ಹರಿಪ್ರಸಾದ್ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದದ್ದೇ ತಡ, ಪಂಕಜಾಕ್ಷಿ ಅವನ ಹಾಸಿಗೆಯ ಮೇಲಿದ್ದ ಆಟಿಕೆ ಬಂದೂಕನ್ನು ಎತ್ತಿಕೊಂಡಳು. ಹರಿದ ಸ್ಪಂಜಿನ ಬಾಣವೊಂದನ್ನು ನೀರಲ್ಲಿ ಅದ್ದಿ ನಳಿಕೆಯೊಳಕ್ಕೆ ತುರುಕಿದಳು. ಬಂದೂಕನ್ನು ಇದ್ದಲ್ಲೇ ಇಟ್ಟು, ಕೈ ಒರೆಸಿಕೊಂಡು ಅಡುಗೆಮನೆಗೆ ಹೋಗಿ ತೆಂಗಿನಕಾಯಿ ತುರಿಯಲು ಕೂತಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಯ್ಗುಳ ಕೇಳಿಸಿತು. ಅವಳ ತುಟಿಯಂಚಿನಲ್ಲಿ ನಗು ಮೂಡಿತು.

ಹರಿಪ್ರಸಾದನ ಜೀಪು ಕಡಬ ಪೇಟೆಗೆಲ್ಲ ಗೊತ್ತಿತ್ತು. ಅವನ ಬಲಗೈಯ ಭಾರ ಗೊತ್ತಿದ್ದದ್ದು ಹೆಂಡತಿಯ ಕೆನ್ನೆಗೆ. ಊಟ ತಡವಾಯಿತೆಂದು, ರವಿಕೆ ಹೊಲಿಸಲು ಬಂದಿದ್ದ ಹೆಂಗಸರೆದುರಿಗೇ ಅವಳ ಹೊಲಿಗೆ ಯಂತ್ರವನ್ನು ಎತ್ತಿ ಅಂಗಳಕ್ಕೆ ಒಗೆದ ಕೈ ಅದು. ಆಮೇಲೊಂದು ಬೆಳಿಗ್ಗೆ ಅವನು ಜೀಪಿನ ಬಾಗಿಲು ತೆಗೆಯುತ್ತಿದ್ದವನು ಹಾಗೆಯೇ ಕುಸಿದ. ಪಾರ್ಶ್ವವಾಯು. ಬಲಗೈ ಸತ್ತ ಹಾವಿನಂತೆ ತೊಡೆಯ ಮೇಲೆ ಬಿದ್ದುಕೊಂಡಿತು. ನಾಲಿಗೆ ತೊದಲಿತಾದರೂ ಬಯ್ಯುವಷ್ಟು ಉಳಿಯಿತು.

"ದೇವರು ನೋಡಿದ," ಎಂದರು ನೆರೆಯ ಹೆಂಗಸರು, ದನಿ ತಗ್ಗಿಸಿ. ಪಂಕಜಾಕ್ಷಿಗೆ ಸಿಟ್ಟು ಬಂದದ್ದು ಆ ದೇವರ ಮೇಲೆಯೇ. ಗಂಡನ ಹೊಡೆತಗಳನ್ನಾದರೂ ಕ್ಷಮಿಸಿಯಾಳು, ಅವನು ಬಿದ್ದ ಬೆಳಿಗ್ಗೆಯನ್ನು ಅವಳು ಕ್ಷಮಿಸಲಿಲ್ಲ.

ಬಂದೂಕು ಮೊಮ್ಮಗಳು ಪ್ರೀತಿಕಾಳದ್ದು. ರಜೆಗೆ ಬಂದವಳು ಮರೆತು ಹೋಗಿದ್ದಳು. ಹರಿಪ್ರಸಾದನಿಗೆ ಅದು ಕರೆಗಂಟೆಯಾಯಿತು. ಮೊಣಕಾಲುಗಳ ನಡುವೆ ಅದನ್ನು ಒತ್ತಿ ಹಿಡಿದು, ಎಡಗೈಯಲ್ಲಿ ಹಿಡಿ ಎಳೆದು, ನೀರು ಬೇಕೆಂದರೆ ಹೆಂಡತಿಯ ಬೆನ್ನಿಗೆ ಗುರಿಯಿಡುತ್ತಿದ್ದ. ಟಪ್. ಚಾ ತಡವಾದರೆ ಕುತ್ತಿಗೆಗೆ. ಟಪ್. "ಸ್ಪಂಜು ಮಾರಾಯ್ತಿ, ನೋವಾಗುದಿಲ್ಲ," ಎಂದು ನಗುತ್ತಿದ್ದ. ಬಿದ್ದ ಬಾಣ ಹೆಕ್ಕಿ ತಂದು ಕೊಡುವುದೂ ಅವಳದೇ ಕೆಲಸ.

ಈಗ ಆ ಬಂದೂಕು ಹಾರುತ್ತಿರಲಿಲ್ಲ.

"ಪೇಟೆಯ ಫಯಾಝನ ರಿಪೇರಿ ಅಂಗಡಿಗೆ ಕೊಂಡು ಹೋಗು. ಸರಿ ಮಾಡಿ ಕೊಡ್ತಾನೆ," ಎಂದ ಹರಿಪ್ರಸಾದ್.

"ನಿಮ್ಮ ಬಂದೂಕು. ನೀವೇ ಸರಿ ಮಾಡಿ."

"ಒಂದು ಕೈಯಲ್ಲಿ ಎಂತ ಮಾಡುದು?"

"ನನಗೆಂತ ಗೊತ್ತುಂಟು?"

ಘಾಟಿಯ ತಿರುವಿನಲ್ಲಿ ಜೀಪಿನ ಎಂಜಿನ್ ಬಿಚ್ಚಿ ಜೋಡಿಸಿದವನಿಗೆ ಆಟಿಕೆಯೊಂದರ ಮುಂದೆ ಸೋಲಲು ಮನಸ್ಸಾಗಲಿಲ್ಲ. ಬಾಣದ ಪೆಟ್ಟಿಗೆ ಕಳಚಿದ, ಹಿಡಿ ಹಿಂದಕ್ಕೆ ಎಳೆದ, ನಳಿಕೆಯೊಳಗೆ ಇಣುಕಿದ. ಸಿಕ್ಕಿಕೊಂಡ ಬಾಣವನ್ನು ಹಿಡಿದೆಳೆದರೆ ಸ್ಪಂಜು ಚೂರುಚೂರಾಗಿ ಬಂತು. ಎಳೆಯಬಾರದು, ಮುಂದಿನಿಂದ ಹಿಂದಕ್ಕೆ ತಳ್ಳಬೇಕು ಎಂದು ಹೊಳೆಯಿತು. ಕೊಡೆಯ ಕಡ್ಡಿ ಹಿಡಿದು ತಳ್ಳಲು ಹೋದರೆ ಬಂದೂಕೇ ಜಾರಿತು. ಅದನ್ನು ಅಲುಗದಂತೆ ಹಿಡಿಯಲು ಇನ್ನೊಂದು ಕೈ ಬೇಕು. ಸತ್ತ ಕೈಯನ್ನು ಎತ್ತಿ ಬಂದೂಕಿನ ಮೇಲಿಟ್ಟ. ಅದು ನಡುಗಿತು, ಜಾರಿತು. ಮತ್ತೆ ಇಟ್ಟ. ಹಣೆಯಿಂದ ಬೆವರು ಇಳಿಯಿತು.

ಪಂಕಜಾಕ್ಷಿ ಬಾಗಿಲಿಗೆ ಒರಗಿ ನೋಡುತ್ತ ನಿಂತಿದ್ದಳು. 'ಒದ್ದಾಡಲಿ,' ಎಂದುಕೊಂಡಳು.

ಸಂಜೆಯೊಳಗೆ ಬಾಣ ಹೊರಬಂತು. ಬಂದೂಕು ಒಣಗಿದ್ದೇ ತಡ, ಬಾಣ ಟಪ್ ಎಂದು ಅವಳ ಬೆನ್ನಿಗೆ ಬಡಿಯಿತು.

ಮರುದಿನ ಅವಳು ಸ್ಪ್ರಿಂಗಿಗೆ ನೂಲು ಸುತ್ತಿಟ್ಟಳು. ಅದು ಬಿಡಿಸಿಯಾದ ಮೇಲೆ ಬೆರಳಲ್ಲಿ ಒತ್ತುವ ಕುದುರೆಯ ಹಿಂದಿನ ಸಣ್ಣ ಕೊಕ್ಕೆಯ ಅಡಿಗೆ ಬೆಂದ ಕುಚ್ಚಲಕ್ಕಿಯ ಅಗುಳು. ಅದು ಗಟ್ಟಿಯಾಗಿ ಅಂಟಿತು. ಸೂಜಿಯಲ್ಲದೆ ಬೇರೇನೂ ಅಲ್ಲಿಗೆ ಹೋಗದು. ಸೂಜಿ ಹಿಡಿಯಲು ಎಡಗೈ ಒಗ್ಗದು. ಅವನು ಶಾಪ ಹಾಕುತ್ತಿದ್ದ. ಅವಳು ಅನ್ನ ಬೇಯಿಸುತ್ತಿದ್ದಳು.

ಪುತ್ತೂರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಫಿಸಿಯೋಥೆರಪಿಯ ಮುಹ್ಸಿನಾ ಒಂದು ದಿನ ಬಾಗಿಲಲ್ಲೇ ನಿಂತುಬಿಟ್ಟಳು. ತಾನು ಕೊಟ್ಟ ರಬ್ಬರ್ ಚೆಂಡನ್ನು ಕಿಟಕಿಯಾಚೆ ಬಿಸಾಡಿದ್ದ ಮನುಷ್ಯ ಬಲಗೈಯ ಎರಡು ಬೆರಳಲ್ಲಿ ಸೂಜಿ ಹಿಡಿದು ಕೂತಿದ್ದ. ಅವಳು ನೇರ ಅಡುಗೆಮನೆಗೆ ಬಂದಳು.

"ಅಕ್ಕಾ, ಅದನ್ನು ಕೆಡಿಸುದು ನೀವೇ ಅಲ್ವಾ?"

ಪಂಕಜಾಕ್ಷಿ ಸೌಟು ತಿರುವುತ್ತಲೇ ಇದ್ದಳು. "ಅವರಿಗೆ ಹೇಳಬೇಡಿ."

ಮುಹ್ಸಿನಾಳ ಕಣ್ಣು ಒದ್ದೆಯಾಯಿತು. "ನಿಮ್ಮಂಥ ಹೆಂಡತಿ ಸಿಗ್ಲಿಕ್ಕೆ ಪುಣ್ಯ ಮಾಡಿರಬೇಕು."

"ಅವರಿಗೆ ಬೇಗ ಗುಣ ಆಗ್ಲಿ. ನನಗೆ ಬೇಕಾದ್ದು ಅಷ್ಟೇ," ಎಂದಳು ಪಂಕಜಾಕ್ಷಿ.

ದೀಪಾವಳಿಯ ಹೊತ್ತಿಗೆ ಹರಿಪ್ರಸಾದ್ ಗೋಡೆ ಬಿಟ್ಟು ನಡೆಯುತ್ತಿದ್ದ. ಹಾಗೆ ಸದ್ದಿಲ್ಲದೆ ಬಚ್ಚಲಿನಿಂದ ಬಂದವನ ಕಣ್ಣಿಗೆ, ಬಂದೂಕಿನೊಳಗೆ ನೂಲು ತುರುಕುತ್ತಿದ್ದ ಹೆಂಡತಿ ಬಿದ್ದಳು. ಅವನ ಬಲಗೈ ಹಾರಿ ಅವಳ ಮಣಿಕಟ್ಟನ್ನು ಹಿಡಿಯಿತು. ಬಳೆ ಒಡೆಯುವಷ್ಟು ಬಲವಾಗಿ.

ಅವಳು ಅವನ ಮುಖ ನೋಡಲಿಲ್ಲ, ಕೈ ನೋಡಿದಳು. "ಬಿಗಿ ಉಂಟು," ಎಂದಳು.

ಅವನೂ ಕೈಯನ್ನು ನೋಡಿದ. ನಿಧಾನವಾಗಿ ಅರ್ಥವಾಯಿತು. ಹಿಡಿತ ಸಡಿಲಿತು, ಕಣ್ಣು ತುಂಬಿತು.

"ನನಗೋಸ್ಕರವಾ ಪಂಕಜಾ? ನಾನು ನಿನಗೆ ಅಷ್ಟೆಲ್ಲ ಮಾಡಿದ ಮೇಲೂ?"

"ಅಂಗಿ ಹಾಕಿ, ನೋಡುವಾ."

ಅವನು ಒಂದೊಂದೇ ಗುಂಡಿ ಹಾಕಿಕೊಂಡ, ಕುತ್ತಿಗೆಯ ತನಕ.

"ಹಿಟ್ಟು ಉಂಟು. ದೋಸೆ ಎರೆಯಿರಿ."

ಎರೆದ. ಅಂಚು ಹರಿಯದಂತೆ ಎಬ್ಬಿಸಿ, ಬಟ್ಟಲಿಗೆ ಹಾಕಿ ತಂದು ಅವಳ ಮುಂದಿಟ್ಟ. ಆ ಮನೆಯಲ್ಲಿ ಅವಳಿಗೆ ಯಾರಾದರೂ ಬಡಿಸಿದ್ದು ಅದೇ ಮೊದಲು. "ಇನ್ನು ದಿನಾ ನಾನೇ ಮಾಡಿ ಕೊಡ್ತೇನೆ," ಎಂದು ಎದುರು ಕೂತು ಮಗುವಿನಂತೆ ಅತ್ತ. ಅವಳು ಅವಸರವಿಲ್ಲದೆ ತಿಂದು ಮುಗಿಸಿ, ಬಟ್ಟಲು ತೊಳೆದಿಟ್ಟು ಒಳಗೆ ಹೋದಳು. ಸೀರೆ ಬದಲಿಸಿ, ಚೀಲ ಹಿಡಿದು ಜಗಲಿಗೆ ಬಂದಳು.

"ಎಲ್ಲಿಗೆ?" ಎಂದ ಅವನು, ಕಣ್ಣೊರೆಸಿಕೊಳ್ಳುತ್ತ.

"ನೀವು ಬಿದ್ದ ದಿನ ಬೆಳಿಗ್ಗೆ ನಾನು ಹೊರಟದ್ದು ಎಲ್ಲಿಗೋ, ಅಲ್ಲಿಗೆ," ಎಂದಳು ಪಂಕಜಾಕ್ಷಿ, ಮೆಟ್ಟಿಲಿಳಿಯುತ್ತ. "ಕೈಲಾಗದ ಗಂಡನನ್ನು ಬಿಟ್ಟು ಹೋದಳು ಅಂತ ಈ ಊರು ಹೇಳಬಾರದೆಂದು ನಿಂತಿದ್ದೆ. ಈಗ ನಿಮಗೆ ಕೈ ಬಂತಲ್ಲ."