ಬೆಕ್ಕಿನ ಕಡೆಯವರು

ಬೆಕ್ಕು ಕೊಡುವ ಮೊದಲು ಬೆಕ್ಕಿನ ಕಡೆಯವರು ಮನೆ ನೋಡಲು ಬರುತ್ತಾರೆಂದು ಅವನ ಅಮ್ಮ ಬೆಳಗ್ಗೆಯೇ ಎದ್ದು ಉಪ್ಪಿಟ್ಟು, ಕೇಸರಿಬಾತ್ ಮಾಡಿಟ್ಟರು.

"ಒಂದು ಬೆಕ್ಕಿಗೆ ಇಷ್ಟೆಲ್ಲಾ ಬೇಕಾ ಅಮ್ಮಾ?"

"ಒಳ್ಳೇ ಜಾತಿ ಬೆಕ್ಕು ಕಣೋ, ಯಾರ‍್ಯಾರಿಗೋ ಕೊಡಲ್ವಂತೆ. ಇವತ್ತಾದ್ರೂ ತಲೆ ಎತ್ತಿ ಮಾತಾಡು. ನನಗೆ ಮಂಡಿನೋವು ಅಂತ ನಿನ್ನ ಮಾವನ ಜೊತೆ ಹೆಣ್ಣು ನೋಡೋಕೆ ಕಳಿಸಿದ್ರೆ, ತಟ್ಟೆಯಿಂದ ತಲೆನೇ ಎತ್ತಲ್ವಂತಲ್ಲ ನೀನು!"

ಬೆಕ್ಕು ಸಾಕಿದ ಯುವತಿ ಬುಟ್ಟಿ ಹಿಡಿದು ಬಂದಳು. ಮುಚ್ಚಳ ತೆಗೆದದ್ದೇ ತಡ, ಮೈತುಂಬ ಚುಕ್ಕೆಯ ಬೆಕ್ಕು ಚಂಗನೆ ಹಾರಿ, ಪರದೆ ಹತ್ತಿ, ಬೀರುವಿನ ಮೇಲಿದ್ದ ಹಿತ್ತಾಳೆ ಕೊಳಗವನ್ನು ಢಣಾರೆಂದು ಉರುಳಿಸಿತು.

"ದಿನಾ ಹಿಂಗೇನೆ," ಎಂದಳು ಆಕೆ. "ಎರಡು ಹೊತ್ತೂ ಓಡಾಡಿಸಿ ಆಟ ಆಡಿಸ್ಬೇಕು. ಯಾರು ಆಡಿಸ್ತೀರಿ?"

"ನಾನೇ!" ಎಂದವನೇ ಅವನು ದಾರಕ್ಕೊಂದು ಗರಿ ಕಟ್ಟಿ, ಸೋಫಾ ಸುತ್ತ ಓಡಿ ತೋರಿಸಿದ. ಮೂರನೇ ಸುತ್ತಿಗೆ ಏದುಸಿರು ಬಂತು. ಬೆಕ್ಕು ಮೇಲಿಂದಲೇ ಆಕಳಿಸಿತು.

"ಬೇಜಾರಾದ್ರೆ ನಲ್ಲಿ ತಿರುಗಿಸಿ ನೀರು ಬಿಡುತ್ತೆ."

"ಬಿಡ್ಲಿ ಬಿಡಿ, ಒರೆಸ್ಕೋತೀನಿ." ಅವನಿಗಾಗಲೇ ಬೆಕ್ಕಿನ ಮೇಲೆ ಮನಸ್ಸು ಹೋಗಿತ್ತು.

ಯುವತಿ ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಂಡು ತಿಂದು, ಕೈತೊಳೆದು, ಬೆಕ್ಕನ್ನು ಬುಟ್ಟಿಗೆ ಸೇರಿಸಿ ಹೊರಟು ನಿಂತಳು.

"ಮನೆಗೆ ಹೋಗಿ ತಿಳಿಸ್ತೀನಿ."

"ಯಾವಾಗ ತಿಳಿಸ್ತೀರಿ?" ಅವನು ಬಾಗಿಲವರೆಗೂ ಬುಟ್ಟಿಯ ಹಿಂದೆಯೇ ಬಂದ.

"ಹೋದ ಯುಗಾದಿಗೆ ಮುಂಚೆ ನಮ್ಮನೇಲಿ ಹಿಂಗೇ ಕೇಸರಿಬಾತ್ ತಿಂದು, ಮನೆಗೆ ಹೋಗಿ ತಿಳಿಸ್ತೀವಿ ಅಂತ ಎದ್ದು ಹೋದ್ರಲ್ಲ, ಮೊದ್ಲು ಅದನ್ನ ತಿಳಿಸಿ."