ಎರಡು ಪಲಂಗ

ಮಲಗಿದ್ದ ಮಗುವಿನ ಕಾಲ ಮೇಲಿನ ಕೌದಿ ಸರಿಸಿದ ದೇಬೋರಾ ಮೇಡಂ ಬಗ್ಗಿದವರು ಬಗ್ಗಿದಂತೆಯೇ ನಿಂತುಬಿಟ್ಟರು. ನಾಲ್ಕು ವರ್ಷದ ಗೌರವನ ಎಡಗಾಲ ಗಂಟಿನ ಸುತ್ತ ಬಳೆ ತೊಡಿಸಿದ ಹಾಗೆ ಕಂದು ಬಣ್ಣದ ಒಂದು ಗೆರೆ. ಇಂದು ನಿನ್ನೆಯದಲ್ಲ. ಒಂದೇ ಜಾಗದಲ್ಲಿ ಬಿಗಿದು ಬಿಗಿದು ಅಲ್ಲಿನ ಚರ್ಮ ದಡ್ಡುಗಟ್ಟಿತ್ತು.

ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಅವರು ಬೀದರದ ಮಕ್ಕಳ ರಕ್ಷಣಾ ಕಚೇರಿಯಿಂದ ಖಟಕ ಚಿಂಚೋಳಿಯ ಈ ಮನೆಗೆ ಬಂದದ್ದು, ಸಾಕಲು ಕೊಟ್ಟ ಅಕ್ಕ ತಮ್ಮ ಎಲ್ಲಿ ಮಲಗುತ್ತಾರೆ, ಹೇಗೆ ಮಲಗುತ್ತಾರೆ ಎಂದು ಕಣ್ಣಾರೆ ನೋಡಿ ಬರೆದುಕೊಳ್ಳಲು. ಒಬ್ಬೊಬ್ಬರಿಗೆ ಒಂದೊಂದು ಹಾಸಿಗೆ ಬೇಕು ಎಂದಿದ್ದಕ್ಕೆ ಹಾವಗೆಪ್ಪ ಭಾಲ್ಕಿಯ ಬಡಿಗನ ಕಡೆಯಿಂದ ಎರಡು ಪಲಂಗ ಮಾಡಿಸಿದ್ದ. ಅವನ ಹೆಂಡತಿ ಕಸ್ತೂರಿಬಾಯಿ ತನ್ನ ಹಳೆಯ ಸೀರೆಗಳನ್ನು ಕೂಡಿಸಿ ಎರಡು ಕೌದಿ ಹೊಲಿದಿದ್ದಳು. ಗೋಡೆಯಲ್ಲಿ ಕಿಟಕಿ, ಕಿಟಕಿಗೆ ಸೊಳ್ಳೆ ಜಾಳಿಗೆ. ಮೇಡಂ ಒಂದೊಂದಕ್ಕೂ ಹೌದು ಎಂದು ಗುರುತು ಹಾಕುತ್ತ ಬಂದಿದ್ದರು.

"ಇದು ಯಾನ್ರಿ, ಕಸ್ತೂರಿಬಾಯಿ?" ಮಧ್ಯಾಹ್ನದ ನಿದ್ದೆಯಲ್ಲಿದ್ದ ಮಗು ಏಳದಿರಲೆಂದು ದನಿ ತಗ್ಗಿಸಿ ಕೇಳಿದರು.

"ಕಾಲಚೀಲದ ಇಲಾಸ್ಟಿಕ್ ಬಿಗಿ ಆಗ್ಯಾದ ಅಂತ ತಿಳದಿದ್ದೆರಿ. ಅವು ತಗದು ಒಗದೆ. ದಿನಾ ಕೊಬ್ಬರಿ ಎಣ್ಣಿ ಹಚ್ಲತ್ತೀನಿ, ಹೋಗವಲ್ದು."

"ಇಲಾಸ್ಟಿಕ್ಕಿಂದು ಹಿಂಗ ಬೀಳಂಗಿಲ್ಲರಿ. ಇದು ಕಟ್ಟಿದ ಗುರ್ತು."

ಹೊಸ್ತಿಲ ಮೇಲೆ ಕೂತಿದ್ದ ಹಾವಗೆಪ್ಪ ಎದ್ದು ನಿಂತ. "ಯಾನಂದ್ರಿ? ನಾವು ಕೂಸಿಗಿ ಕಟ್ಟಿ ಹಾಕ್ತೀವಾ? ನಡೀರಿ, ಕೊಟ್ಟಗಿಗಿ ಬಂದು ನನ್ನ ಎತ್ತಿನ ಕೊಳ್ಳ ನೋಡ್ರಿ. ಅದಕ್ಕರ ಇಂಥಾ ಗುರ್ತು ಅದ ಏನು?"

"ನೀವು ಸುಮ್ಮ ಕೂಡ್ರಿ. ಎತ್ತಿಂದು ಈಗ್ಯಾಕ?" ಎಂದಳು ಕಸ್ತೂರಿಬಾಯಿ. ಮಕ್ಕಳಿಲ್ಲದ ಮನೆಗೆ ಎರಡು ಮಕ್ಕಳು ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ.

ಮೇಡಂ ಅವಳ ಮುಖ ನೋಡಲಿಲ್ಲ. "ಇದು ನೋಡಿ ನಾ ಬಿಟ್ಟು ಹೋಗ್ಲಿಕ್ಕ ಬರಂಗಿಲ್ಲರಿ. ಇಬ್ಬರಿಗೂ ಇವತ್ತೇ ಕರಕೊಂಡು ಹೋಗಬೇಕಾಗ್ತದ."

"ನಾ ಕಟ್ಟೀನ್ರಿ."

ತಮ್ಮನ ತಲೆದೆಸೆಯಲ್ಲಿ ಕೂತು ನೊಣ ಹೊಡೆಯುತ್ತಿದ್ದ ಅನಸೂಯಾ ಎದ್ದು ಬಂದಳು. ಅವಳಿಗೆ ಒಂಬತ್ತು. ತನ್ನ ದಿಂಬಿನ ಅಡಿಯಿಂದ ಹಗ್ಗದ ಹಾಗೆ ಹೊಸೆದ ಒಂದು ಹಳೆಯ ಓಢಣಿ ತೆಗೆದು ಮೇಡಂ ಮುಂದೆ ಹಿಡಿದು, ಕಸ್ತೂರಿಬಾಯಿಯ ಕಡೆ ಕಣ್ಣು ಮಾಡಿದಳು. "ಆಯಿ ಲೈಟ್ ಬಂದ್ ಮಾಡಿ ಹೋದ ಮ್ಯಾಲ ಕಟ್ತೀನಿ. ಒಂದು ತುದಿ ಅವನ ಕಾಲಿಗಿ, ಒಂದು ತುದಿ ನನ್ನ ಕಾಲಿಗಿ. ಆಯಿ ಏಳೂದ್ರಾಗ ಬಿಚ್ಚಿ ಇಡ್ತೀನಿ." ಲಂಗ ತುಸು ಎತ್ತಿ ತೋರಿಸಿದಳು. ಅವಳ ಬಲಗಾಲ ಸುತ್ತಲೂ ಅದೇ ಗೆರೆ.

"ಯಾರವ್ವ ನಿನಗ ಇದು ಕಲ್ಸದವರು?"

"ನಮ್ಮವ್ವ. ಕಬ್ಬು ಕಡೀಲಕ್ಕ ಹೋದಾಗ ಅವ್ವ ಅಪ್ಪ ನಸಕಿನ್ಯಾಗೇ ಹೊಲಕ್ಕ ಹೋಗ್ತಿದ್ರು. ತಮ್ಮ ಎದ್ದು ಕಬ್ಬಿನಾಗ ಹೊಕ್ಕರ ಸಿಗಂಗಿಲ್ಲಂತ ಅವ್ವ ಅವನ ಕಾಲು ಗಾಡಿ ಗಾಲಿಗಿ ಕಟ್ಟಿ ಹೋಗ್ತಿದ್ಳು. ಸೀರಿ ತುಂಡಿಲೆ."

ಕಬ್ಬಿನ ಟ್ರ್ಯಾಕ್ಟರ್ ಮಗುಚಿ, ಈ ಮಕ್ಕಳ ಅಪ್ಪ, ಔರಾದ ಕಡೆಯ ಪಂಢರಿ, ಮತ್ತು ಅವನ ಹೆಂಡತಿ ಅದರಡಿ ಸಿಕ್ಕು ಸತ್ತದ್ದು ಹೋದ ಸುಗ್ಗಿಯಲ್ಲಿ. ಹಾವಗೆಪ್ಪ ಹೊಸ್ತಿಲು ದಾಟಿ ಹೊರಗೆ ಹೋದ.

ಮೇಡಂ ಪೆನ್ನು ಮುಚ್ಚಿ ಹುಡುಗಿಯ ಸಮಕ್ಕೆ ಪಲಂಗದ ಅಂಚಿಗೆ ಕೂತರು. "ಇಲ್ಲಿ ಕಬ್ಬಿನ ಹೊಲ ಇಲ್ಲಲ್ಲವ್ವ. ಬಾಗಲಕ್ಕ ಚಿಲಕ ಅದ, ಆಯಿ ಬಾಜೂ ಖೋಲ್ಯಾಗೇ ಇರ್ತಾರ. ಇವ ಎಲ್ಲಿ ಹೋಗ್ತಾನ?"

"ಇವ ಹೋಗಂಗಿಲ್ಲರಿ. ಒಯ್ತಾರ."

"ಯಾರು ಒಯ್ತಾರ?"

ಅನಸೂಯಾ ನೆಲ ನೋಡಿದಳು. "ನೀವೇ ಒಯ್ದಿದ್ರಲ್ಲರಿ. ಬೀದರದಾಗ. ನಾ ಎದ್ದು ಕೈ ಆಡಿಸಿದ್ರ ಬಾಜೂಕ ಬರೇ ಚಾದರ ಇತ್ತು."

ದೇಬೋರಾ ಮೇಡಂಗೆ ನೆನಪಾಯಿತು. ಬೀದರದ ಬಾಲಮಂದಿರದಲ್ಲಿ, ಸಣ್ಣ ಮಕ್ಕಳು ಬೇರೆ ಕಡೆ ಇರಬೇಕು ಎಂಬ ಆದೇಶ ಬಂದಾಗ, ಎಚ್ಚರವಿದ್ದಾಗ ಬಿಡಿಸಿಕೊಂಡರೆ ಇಬ್ಬರೂ ಅತ್ತಾರೆಂದು, ನಿದ್ದೆ ಹತ್ತುವ ತನಕ ಕಾದಿದ್ದರು. ಚಪ್ಪಲಿ ಸದ್ದಾಗದಿರಲೆಂದು ಕೈಯಲ್ಲಿ ಹಿಡಿದು, ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬರಿಗಾಲಲ್ಲಿ ನಡೆದಿದ್ದರು. ಒಂದು ಮಗುವೂ ಅಳಲಿಲ್ಲ ಎಂದು ಮರುದಿನ ಕಚೇರಿಯಲ್ಲಿ ನಾಲ್ಕು ಜನರೆದುರು ಹೇಳಿಕೊಂಡಿದ್ದರು ಕೂಡ. ಅಕ್ಕ ತಮ್ಮ ಮತ್ತೆ ಒಂದೆಡೆ ಸೇರಿದ್ದು ಎರಡು ತಿಂಗಳ ಮೇಲೆ, ಈ ಮನೆಯಲ್ಲೇ.

ಅವರು ಓಢಣಿ ಕೇಳಿ ಇಸಿದುಕೊಂಡು, "ಹಿಂಗ ಕಟ್ಟಿದ್ರ ರಕ್ತ ನಿಂತು ಕಾಲು ಬಾತುಕೋತದವ್ವ, ಕಟ್ಟಬ್ಯಾಡ" ಎಂದರು. ಕೆಲವು ದಿನ ಮಕ್ಕಳ ಕೋಣೆಯಲ್ಲೇ ಹಾಸಿಕೊಳ್ಳಲು ಕಸ್ತೂರಿಬಾಯಿಗೆ ಹೇಳಿದರು. ಫಾರ್ಮಿನಲ್ಲಿ, ಇಬ್ಬರನ್ನೂ ಇದೇ ಮನೆಯಲ್ಲಿ ಮುಂದುವರಿಸಬೇಕು ಎಂದು ಬರೆದು ಸಹಿ ಹಾಕಿ ಹುಡುಗಿಯ ಕಡೆ ತಿರುಗಿಸಿದರು.

"ಓದು. ತಮ್ಮಗ ಯಾರೂ ಒಯ್ಯಂಗಿಲ್ಲ. ನಾನೇ ಬರದೀನಿ."

ಅನಸೂಯಾ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಿ ಮುಗಿಸಿ ತಲೆಯಾಡಿಸಿದಳು. ಮೇಡಂ ಎದ್ದು ಬಾಗಿಲ ತನಕ ಹೋದಾಗ ಹಿಂದೆಯೇ ಬಂದು, ತಮ್ಮನಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದಳು:

"ಒಂದು ವ್ಯಾಳಿ ಒಯ್ಯೋದೇ ಬಂದ್ರ, ನನಗ ಎಬ್ಬಿಸಿ ಒಯ್ರಿ, ಮೇಡಂ."