ಮೂರು ನಿಮಿಷದ ಗಂಜಿ

ತನ್ನದೇ ಮನೆಯ ಅಡುಗೆಮನೆಯ ಹೊಸ್ತಿಲಾಚೆ ಅಳಿಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಒಳಗೆ ಒಲೆಯ ಮುಂದೆ ಅತ್ತೆ. ಅವರ ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು, ಎಡಗೈಯಲ್ಲಿ ಓಟ್ಸ್ ಪೊಟ್ಟಣವಿತ್ತು. ಹೊಸ ಪಾತ್ರೆ, ಹೊಸ ಸೌಟು, ಹೊಸ ಬಟ್ಟಲು, ಹೊಸ ಚಾಕು. ಒಂದರ ಮೇಲಿನ ಅಂಗಡಿ ಚೀಟಿಯನ್ನೂ ಅಳಿಯ ಕಿತ್ತಿರಲಿಲ್ಲ. ತಾನು ಬಳಸಿದ್ದಲ್ಲ ಎಂಬುದು ಅತ್ತೆಗೆ ಕಾಣಬೇಕಲ್ಲ!

ಅಳಿಯನದು ಮಾಂಸದಂಗಡಿ. ಅತ್ತೆ ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಒಂಬತ್ತು ವರ್ಷದ ಹಿಂದೆ ಮಗಳು ಇವನನ್ನೇ ಮದುವೆಯಾಗುತ್ತೇನೆಂದು ಪಟ್ಟು ಹಿಡಿದಾಗ, "ಆ ಕೈ ಮುಟ್ಟಿದ್ದನ್ನ ನಾನು ಸಾಯೋವರೆಗೂ ಮುಟ್ಟಲ್ಲ" ಎಂದು ಎಲ್ಲರೆದುರೇ ಅಂದುಬಿಟ್ಟಿದ್ದರು. ಈಗ ಜಾರಿಬಿದ್ದು ಕೈ ಮುರಿದುಕೊಂಡು, ಬೇರೆ ದಾರಿಯಿಲ್ಲದೆ ಮೊದಲ ಸಲ ಈ ಮನೆಗೆ ಬಂದಿದ್ದರು. ಮಗಳು ನರ್ಸು, ಐದೂವರೆಗೆಲ್ಲ ಆಸ್ಪತ್ರೆಗೆ ಓಡುತ್ತಾಳೆ. ಅವಳು ಮುಚ್ಚಿಟ್ಟು ಹೋದ ತಿಂಡಿ ಅತ್ತೆ ಏಳುವ ಹೊತ್ತಿಗೆ ತಣ್ಣಗೆ ಕಲ್ಲಾಗಿರುತ್ತದೆ. ಹಾಗಾಗಿ ಎರಡು ಬಿಸ್ಕತ್ತು ತಿಂದು ಮಾತ್ರೆ ನುಂಗುವುದು. ನಿನ್ನೆ ತಲೆ ಸುತ್ತಿ ಗೋಡೆ ಹಿಡಿದರು. ಅಳಿಯ ಹಿಡಿದುಕೊಳ್ಳಲು ಓಡಿದವನು, ಅರ್ಧದಲ್ಲೇ ಕೈ ಹಿಂದಕ್ಕೆ ಎಳೆದುಕೊಂಡ.

ಸಂಜೆ ಹೆಂಡತಿ ಅತ್ತಿದ್ದಳು. "ಅಮ್ಮ ಇನ್ನೊಂದು ದಿನ ಹೀಗೆ ಮಾಡಿದ್ರೆ ಆರೈಕೆ ಕೇಂದ್ರಕ್ಕೆ ಸೇರಿಸಿಬಿಡ್ತೀನಿ. ನನ್ನ ಕೈಲಾಗಲ್ಲ ಕಣ್ರೀ." ಆಗಲೇ ಅಳಿಯ ಚಪ್ಪಲಿ ಮೆಟ್ಟಿದ್ದ. ಒಂಬತ್ತು ವರ್ಷಕ್ಕೆ ಬಂದವರು ಹೀಗೆ ಹೊಟ್ಟೆಗಿಲ್ಲದೆ ಹೋದರೆ ಇನ್ನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಕೂಡಲೇ ಪೇಟೆಗೆ ಹೋಗಿ ಇದನ್ನೆಲ್ಲ ತಂದಿದ್ದ.

"ನೀರು ಕುದೀತಿದೆ ಅತ್ತೆ, ಈಗ ಓಟ್ಸ್ ಹಾಕಿ. ನಲವತ್ತು ಗ್ರಾಂ ಸಾಕು. ಮೂರೇ ನಿಮಿಷ."

"ನಲವತ್ತು ಗ್ರಾಂ ಅಂದ್ರೆ ಎಷ್ಟು ಅಂತ ಯಾರಿಗೆ ಗೊತ್ತು?" ಎಂದು ಅತ್ತೆ ಒಲೆಯನ್ನು ಕೇಳಿದರು. ಬಂದಾಗಿನಿಂದ ಅವರು ಅಳಿಯನ ಜೊತೆ ನೇರವಾಗಿ ಮಾತಾಡಿದ್ದೇ ಇಲ್ಲ. ಗೋಡೆಗೆ ಹೇಳುತ್ತಾರೆ, ಕುರ್ಚಿಗೆ ಹೇಳುತ್ತಾರೆ, ಇವನು ಕೇಳಿಸಿಕೊಳ್ಳಬೇಕು. ಆ ಮನೆಯ ಕುರ್ಚಿ ಮೇಜುಗಳಿಗೆಲ್ಲ ಪಾಪ, ಅವರ ಕಷ್ಟಸುಖ ಬಾಯಿಪಾಠವಾಗಿತ್ತು.

"ಒಂದು ಹಿಡಿ ಅತ್ತೆ. ನಿಮ್ಮ ಹಿಡಿ, ನನ್ನದಲ್ಲ."

ಅತ್ತೆ ಎಡಗೈಯಲ್ಲಿ ಪೊಟ್ಟಣ ಬಗ್ಗಿಸಿದರು. ಅಭ್ಯಾಸವಿಲ್ಲದ ಕೈ, ಸುರಿಯಿತು ನೋಡಿ, ಒಂದೇ ಸಮ.

"ಅಯ್ಯಯ್ಯೋ, ನೂರೈವತ್ತಾಯ್ತು!" ಅಳಿಯ ಹೊಸ್ತಿಲಲ್ಲೇ ಕುಣಿದ. ತಕ್ಕಡಿಗಿಂತ ಮೊದಲೇ ತೂಗುವ ಕಣ್ಣು ಅವನದು. "ಹಾಲು ಹಾಕಿ ಅತ್ತೆ! ಉರಿ ಸಣ್ಣ ಮಾಡಿ! ತಿರುವಿ, ಕೈ ಬಿಡದೆ ತಿರುವಿ!"

ಅತ್ತೆ ಹಾಲು ಸುರಿದು ತಿರುವಿದರು. ಪಾತ್ರೆಯ ಹಿಡಿಕೆ ಹಿಡಿಯಲು ಇನ್ನೊಂದು ಕೈ ಇಲ್ಲ. ಸೌಟಿನ ಜೊತೆ ಪಾತ್ರೆಯೂ ಗಿರ್ರನೆ ತಿರುಗಿತು. ಗಂಜಿ ಕೊತಕೊತ ಕುದ್ದು ಒಲೆಯ ಮೇಲೆಲ್ಲ ಹಾರತೊಡಗಿತು.

"ಇನ್ನೊಂದು ಕೈ ಇದ್ದಿದ್ರೆ ಚೆನ್ನಾಗಿತ್ತು," ಎಂದರು ಅತ್ತೆ, ಕಿಟಕಿಗೆ.

ಅಳಿಯ ಒಂದು ಕಾಲು ಎತ್ತಿದ, ಮತ್ತೆ ಇಳಿಸಿದ. ಕರೆದದ್ದು ತನ್ನನ್ನೇ ಎಂದು ನಂಬುವ ಧೈರ್ಯ ಅವನಿಗಾಗಲಿಲ್ಲ.

"ಏಯ್, ಕಂಬದ ಹಾಗೆ ನಿಂತಿದ್ದೀಯಲ್ಲೋ!" ಅತ್ತೆ ತಿರುಗಿ ಅವನ ಮುಖಕ್ಕೇ ಕೂಗಿದರು. "ತಳ ಹಿಡೀತಿದೆ, ಬಾರೋ ಒಳಗೆ!"

ಅಳಿಯ ಕಕ್ಕಾಬಿಕ್ಕಿಯಾಗಿ ಒಳಗೆ ಬಂದ. ಬಂದವನು ಒಲೆಯ ಹತ್ತಿರ ಹೋಗದೆ ಸೀದಾ ನಲ್ಲಿಗೆ ಹೋದ. ಸೋಪು ಹಚ್ಚಿ ತೊಳೆದ. ಉಗುರಿನ ಸಂದಿಗಳನ್ನು ಉಜ್ಜಿ ಮತ್ತೆ ತೊಳೆದ. ಮೂರನೇ ಸಲ ಸೋಪಿಗೆ ಕೈ ಹಾಕಿದಾಗ ಅತ್ತೆ ಉರಿ ಆರಿಸಿ ಬಂದು ನಲ್ಲಿ ನಿಲ್ಲಿಸಿದರು.

"ಸಾಕು ಬಿಡಪ್ಪಾ, ಚರ್ಮ ಕಿತ್ತು ಬರುತ್ತೆ."

"ಆವತ್ತು ನೀವು ಅಂದಿದ್ರಲ್ಲ ಅತ್ತೆ, ಈ ಕೈ..."

ಅತ್ತೆಯ ಮುಖ ಸಣ್ಣದಾಯಿತು. ಅವನ ಒದ್ದೆ ಕೈಗಳನ್ನೇ ನೋಡಿದರು. ತಿಕ್ಕಿ ತಿಕ್ಕಿ ಕೆಂಪಾಗಿದ್ದವು.

"ಅಂದಿದ್ದೆ," ಎಂದರು. "ಇಲ್ಲ ಅನ್ನಲ್ಲ. ಅಂದಿದ್ದಕ್ಕೆ ಒಂಬತ್ತು ವರ್ಷ ಮಗಳ ಮನೆ ಮುಖ ನೋಡಲಿಲ್ಲ. ನನ್ನ ಮಾತಿಗೆ ನಾನೇ ಉಪವಾಸ ಬಿದ್ದೆ. ಈಗ ಪಾತ್ರೆ ಹಿಡಿ."

ಅಳಿಯ ಹಿಡಿದ. ಉಳಿದ ಹಾಲೆಲ್ಲ ಹಾಕಿ, ಒಲೆ ಮತ್ತೆ ಹಚ್ಚಿ ಸಣ್ಣ ಉರಿಯಲ್ಲಿ ಗಂಟು ಒಡೆದು ಒಡೆದು ತಿರುವಿದ. ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ, ಬಾಳೆಹಣ್ಣನ್ನು ಒಂದೇ ಅಳತೆಯ ಬಿಲ್ಲೆಗಳಾಗಿ ಹೆಚ್ಚಿ ಮೇಲೆ ಹರಡಿದ. ಅಲ್ಲಲ್ಲಿ ಸೀದ ಚೂರು ಕಂದಾಗಿ ಕಾಣುತ್ತಿತ್ತು. ಮೂರು ನಿಮಿಷದ್ದು ಇಪ್ಪತ್ತು ನಿಮಿಷವಾಗಿತ್ತು. ಹೊಗೆಯಾಡುವ ಬಟ್ಟಲನ್ನು ಮೇಜಿನ ಮೇಲಿಟ್ಟು, ದೂರ ಸರಿದು ನಿಂತ.

ಅತ್ತೆ ಎಡಗೈಯಲ್ಲಿ ಚಮಚ ಎತ್ತಿದರು. ಬಾಯಿಗೆ ಹೋಗುವ ಮೊದಲೇ ಅರ್ಧ ಮಡಿಲಿಗೆ ಬಿತ್ತು. ಎರಡನೆಯದು ಪೂರ್ತಿ ಬಿತ್ತು. ಅವರಿಗೆ ನಾಚಿಕೆಯಾಗದಿರಲಿ ಎಂದು ಅಳಿಯ ಬೇರೆ ಕಡೆ ನೋಡಿದ.

"ಬಾ, ಕೂತ್ಕೋ," ಎಂಬ ಮಾತು ಕೇಳಿಸಿತು.

ಅಳಿಯ ಬಂದು ಎದುರಿಗೆ ಕೂತ. ಅತ್ತೆ ಚಮಚವನ್ನು ಬಟ್ಟಲೊಳಗಿಟ್ಟು, ಬಟ್ಟಲನ್ನು ಅವನತ್ತ ತಳ್ಳಿ, ಸುಮ್ಮನೆ ಬಾಯಿ ತೆರೆದರು.